ಹಿಂದಿಂದು ಬಿಡಿ

ನನ್ನ ಸೊಸೆ ಸಿಟಿ ಬಸ್ ಓಡಿಸುತ್ತಾಳೆ. ಇದನ್ನು ಹೇಳಿದರೆ ಕೆಲವರು "ಓಹೋ, ಹೌದಾ" ಎಂದು ಮಾತು ಬದಲಿಸುತ್ತಾರೆ. ಬದಲಿಸಲಿ, ನಾನು ಮತ್ತೆ ಅಲ್ಲಿಗೇ ಎಳೆದು ತರುತ್ತೇನೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ನೌಕರಿ ಕಳೆದವಳು. ಕಂಡಕಂಡವರ ಬೈಗುಳಕ್ಕೆಲ್ಲ "ದಯವಿಟ್ಟು ಸ್ವಲ್ಪ ಕಾಯಿರಿ" ಎಂದು ಹೇಳಿ ಹೇಳಿ ನನ್ನ ಪಾಲಿನ ವಿನಯವೆಲ್ಲ ಅಲ್ಲೇ ಖರ್ಚಾಗಿದೆ. ಈಗ ಅನ್ನಿಸಿದ್ದನ್ನು ಅಂದುಬಿಡುತ್ತೇನೆ. ಜಂಬ ಎನ್ನುವವರು ಎನ್ನಲಿ.

ಒಮ್ಮೆ ಅವಳ ಬಸ್ಸು ಹತ್ತಿ ನೋಡಿ. ನಿಂತವರು ಕಂಬಿ ಹಿಡಿಯುವುದನ್ನೇ ಮರೆತಿರುತ್ತಾರೆ. ಬ್ರೇಕ್ ಹಾಕಿದಳೆಂದು ತಿಳಿಯುವುದು ಬಸ್ಸು ನಿಂತ ಮೇಲೆ. ಆಳು ಕುಳ್ಳಿ, ಬೆನ್ನಿಗೊಂದು ದಿಂಬು ಇಟ್ಟುಕೊಂಡು ಕೂರುತ್ತಾಳೆ, ಹೊರಡುವ ಮುಂಚೆ ಅಂಗಿಯ ತೋಳು ಎರಡು ಮಡಿಕೆ ಮೇಲಕ್ಕೇರಿಸುತ್ತಾಳೆ. ಹಾರ್ನ್ ಎಂಬುದೊಂದು ಇದೆಯೆಂಬುದೇ ಅವಳಿಗೆ ನೆನಪಿಲ್ಲ. ಮನೆಯಲ್ಲೂ ಹಾಗೇ. ಮಾತೆಲ್ಲ ನನ್ನದು, ಕೆಲಸವೆಲ್ಲ ಅವಳದು.

ಅವಳ ಗಂಡ, ಅಂದರೆ ನನ್ನ ಮಗ, ಔಷಧಿ ಅಂಗಡಿ ಇಟ್ಟಿದ್ದಾನೆ. ವೈದ್ಯರು ಬರೆದದ್ದನ್ನು ಬರೆದ ಹಾಗೆಯೇ ಕೊಡುವವನು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಬರುವಾಗ ಸೋಪು ತಾ ಎಂದರೆ ಸೋಪು ತರುತ್ತಾನೆ. ಸೋಪಿನ ಪುಡಿ ಮುಗಿದಿದ್ದನ್ನು ಕಣ್ಣಾರೆ ಕಂಡಿದ್ದರೂ ತರುವುದಿಲ್ಲ, ಏಕೆಂದರೆ ಅದನ್ನು ಯಾರೂ ಹೇಳಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೊಸೆಗೆ ಇನ್ನೊಂದು ಗಾಡಿಯೂ ಇದೆ. ಬಸ್ ಡಿಪೋದ ಹಿಂದಿನ ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿದ್ದ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಮೇಲಿನ ಬಟ್ಟೆಯ ಚಾವಣಿ ಮಡಚಿ ಹಿಂದಕ್ಕೆ ಹಾಕಿದರೆ ತಲೆಯ ಮೇಲೆ ಬರೀ ಆಕಾಶ. ರಜೆ ರಜೆಗೂ ಕೂತು ಅದನ್ನು ರಿಪೇರಿ ಮಾಡಿ ಎಬ್ಬಿಸಿದಳು. ಕೂತರೆ ನೆಲಕ್ಕೇ ಇಳಿದ ಹಾಗಾಗುತ್ತದೆ ಎಂದು ನಾನು ಅದಕ್ಕೆ ಬಕೆಟ್ಟು ಎಂದು ಹೆಸರಿಟ್ಟೆ. ಹೆಸರಿಟ್ಟವಳಿಗೇ ಅದರ ಪಕ್ಕದ ಸೀಟು ಕಾಯಂ ಆಯಿತು. ನನಗೇನು, ಜೀವಮಾನವೆಲ್ಲ ಪಕ್ಕದ ಸೀಟೇ. ಹರೆಯದಲ್ಲಿ ಕಾರು ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದೆ. ಮೊದಲು ನಮ್ಮ ಯಜಮಾನರು ಓಡಿಸಿದರು, ಅವರ ಕಣ್ಣು ಮಂಜಾದ ಮೇಲೆ ಮಗ ಓಡಿಸಿದ. ನಾನು ಲೈಸೆನ್ಸನ್ನು ತಪ್ಪದೆ ನವೀಕರಿಸಿಕೊಂಡು ಪರ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡೆ, ಅಷ್ಟೇ.

ಊರಾಚೆ ರೇಸಿನ ಟ್ರ್ಯಾಕ್ ಇದೆ. ಅಲ್ಲಿನ ಮೋಟಾರು ಕ್ಲಬ್ಬಿನವರು ರಜಾ ದಿನಗಳಲ್ಲಿ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಲು ಬಿಡುತ್ತಾರೆ. ಹೊಸಬರ ಪಕ್ಕದಲ್ಲಿ ಕ್ಲಬ್ಬಿನ ಶಿಕ್ಷಕರೊಬ್ಬರು ಹಳದಿ ತೋಳುಪಟ್ಟಿ ಕಟ್ಟಿಕೊಂಡು ಕೂರುತ್ತಾರೆ. ನನ್ನ ಸೊಸೆಗೆ ಬೇಕಾಗಿದ್ದು ಆ ಪಟ್ಟಿ. ಟ್ರೋಫಿ ಬೇಡ, ಪದಕ ಬೇಡ, ಪಟ್ಟಿ ಬೇಕು. ಯಾಕೆ ಎಂದು ಒಮ್ಮೆ ಕೇಳಿದೆ.

"ಬಸ್ಸಲ್ಲಿ ನಾನು ಏನ್ ಮಾಡ್ತಿದೀನಿ ಅಂತ ಯಾರಿಗೂ ಗೊತ್ತಾಗಬಾರದು ಅತ್ತೆ, ಅದೇ ನನ್ನ ಕೆಲಸ," ಎಂದಳು. "ಚೆನ್ನಾಗಿ ಮಾಡಿದಷ್ಟೂ ಯಾರಿಗೂ ಗೊತ್ತಾಗಲ್ಲ. ಒಬ್ಬರಿಗಾದ್ರೂ ಅದನ್ನ ತೋರಿಸಿ ಕಲಿಸಬೇಕು ಅಂತ ಆಸೆ."



ಪಟ್ಟಿ ಸಿಗಬೇಕಾದರೆ ಪರೀಕ್ಷೆ. ಕ್ಲಬ್ಬಿನ ಹಿರಿಯ ಶಿಕ್ಷಕರು ಪಕ್ಕದಲ್ಲಿ ಕೂರುತ್ತಾರೆ, ಐದು ಸುತ್ತು ಓಡಿಸಬೇಕು. ವೇಗ ಬೇಕು, ಆದರೆ ಐದೂ ಸುತ್ತು ಒಂದೇ ಅಚ್ಚಿನಲ್ಲಿ ತೆಗೆದ ಹಾಗಿರಬೇಕು, ಪಕ್ಕದವರು ಅಲ್ಲಾಡಬಾರದು. ಆ ಹಿರಿಯರು ಬಾಯಿ ತೆರೆದರೆ "ಹ್ಞೂಂ" ಬಿಟ್ಟು ಇನ್ನೊಂದು ಬರುವುದಿಲ್ಲ. ನಾನು ಅವರನ್ನು ಹ್ಞೂಂ ಮೇಷ್ಟ್ರು ಎಂದೇ ಕರೆಯುವುದು, ಹಿಂದಿನಿಂದ. ಹೋದ ವರ್ಷ ಪರೀಕ್ಷೆಯಲ್ಲಿ ಕಾರು ಕೈಕೊಟ್ಟಿತು. ಎಡಕ್ಕೆ ಹೊರಳಿ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಬಲಕ್ಕೆ ಹೊರಳಬೇಕಾದ ಜೋಡಿ ತಿರುವೊಂದಿದೆ. ಅಲ್ಲಿ ಹಳೇ ಶಾಕ್‌ಅಬ್ಸಾರ್ಬರುಗಳು ಸುಸ್ತಾಗಿ ಕಾರು ತೂಗಾಡಿಬಿಟ್ಟಿತು. ಮೇಷ್ಟ್ರು ಇಳಿದು, "ಕಾರು ನಿಮ್ಮ ಮಾತು ಕೇಳ್ತಿಲ್ಲ. ಹ್ಞೂಂ," ಎಂದು ಹೋದರು. ಕ್ಲಬ್ಬಿನ ನಿಯಮದಂತೆ ಎರಡೇ ಅವಕಾಶ. ಎರಡನೆಯದೂ ಹೋದರೆ ಪಟ್ಟಿಯ ಆಸೆಯನ್ನು ಮಡಚಿ ಇಟ್ಟುಬಿಡಬೇಕು.

ಹಾಗಾಗಿ ಹೊಸ ಸಸ್ಪೆನ್ಷನ್, ಅಂದರೆ ಚಕ್ರಗಳ ಮೇಲೆ ಕಾರನ್ನು ಹೊರುವ ಸ್ಪ್ರಿಂಗು, ಶಾಕ್‌ಅಬ್ಸಾರ್ಬರುಗಳನ್ನು ಆರಿಸುವ ಕೆಲಸ ಶುರುವಾಯಿತು. ನಮ್ಮ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ಬಿಡಿಭಾಗಗಳ ಅಂಗಡಿಯವನನ್ನು ಎಲ್ಲರೂ ಸ್ಪ್ರಿಂಗಣ್ಣ ಎನ್ನುತ್ತಾರೆ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ನಗು. ಕೌಂಟರಿನ ಮೇಲೆ ಮೂರು ಜೊತೆ ಇಟ್ಟ. ಮೊದಲನೆಯದು ಕಂಡಾಪಟ್ಟೆ ಗಟ್ಟಿ ಸ್ಪ್ರಿಂಗಿನದು.

"ಇದು ತಗೊಳ್ಳಿ ಅಕ್ಕಾ. ಕಲ್ಲು! ಟ್ರ್ಯಾಕಿಗೆ ಗಟ್ಟಿ ಇದ್ದಷ್ಟೂ ಒಳ್ಳೇದು."

"ಕಲ್ಲಿನ ಮೇಲೆ ಕೂರೋಕೆ ಕಾರ್ ಯಾಕಪ್ಪಾ ಬೇಕು?" ಎಂದೆ ನಾನು. "ನನ್ನ ಹಲ್ಲು ಕಟ್ಟಿಸಿಕೊಂಡಿರೋ ಹಲ್ಲು."

ಸೊಸೆ ಅಲ್ಲೇ ಬಿದ್ದಿದ್ದ ಒಂದು ರಟ್ಟಿನ ಡಬ್ಬ ಎತ್ತಿಕೊಂಡಳು. ಮುಚ್ಚಳ ಹಾಕಿ ಎರಡು ತುದಿ ಹಿಡಿದು ತಿರುಚಿದಳು. ಡಬ್ಬ ಜಗ್ಗಲಿಲ್ಲ. ಮುಚ್ಚಳ ತೆಗೆದು ಮತ್ತೆ ತಿರುಚಿದಳು. ಒದ್ದೆ ಬಟ್ಟೆ ಹಿಂಡಿದ ಹಾಗೆ ಹೊರಳಿತು.

"ನಮ್ಮ ಕಾರಿಗೆ ಮುಚ್ಚಳ ಇಲ್ಲ ಅಣ್ಣಾ," ಎಂದಳು. "ಸ್ಪ್ರಿಂಗು ತುಂಬಾ ಗಟ್ಟಿ ಆದ್ರೆ ಅದು ಬಗ್ಗಲ್ಲ, ಕಾರಿನ ಮೈಯೇ ತಿರುಚಿಕೊಳ್ಳುತ್ತೆ. ಆಮೇಲೆ ನಾನು ಯಾವ ತಿರುಪು ತಿರುಗಿಸಿದ್ರೂ ಏನು ಬದಲಾಯ್ತು ಅಂತ ಗೊತ್ತಾಗಲ್ಲ."

ಎರಡನೆಯದು ದೊಡ್ಡ ರೇಸಿನವರದ್ದು. ಒಂದೊಂದು ಚಕ್ರಕ್ಕೂ ಮೂರು ಮೂರು ತಿರುಪು, ಪಕ್ಕದಲ್ಲಿ ಎಣ್ಣೆಯ ಡಬ್ಬಿ ಬೇರೆ. ಸ್ಪ್ರಿಂಗಣ್ಣ ಅದನ್ನು ಮಗುವನ್ನು ಎತ್ತಿದ ಹಾಗೆ ಎತ್ತಿ ತೋರಿಸಿದ. ಸೊಸೆ ಅದನ್ನು ಬಹಳ ಹೊತ್ತು ನೋಡಿದಳು. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ, ಅವಳ ಕಣ್ಣಲ್ಲೇ ಕಂಡಿತು. ಆಮೇಲೆ ತಲೆ ಅಲ್ಲಾಡಿಸಿದಳು.

"ಇದ್ರಲ್ಲಿ ತಪ್ಪು ಮಾಡೋಕೆ ಹನ್ನೆರಡು ದಾರಿ ಇದೆ. ನನಗೆ ಒಂದೆರಡು ಸಾಕು."

ಮೂರನೆಯದನ್ನು ಆರಿಸಿಕೊಂಡಳು. ಮಧ್ಯಮ ಗಟ್ಟಿಯ ಸ್ಪ್ರಿಂಗು. ಕಾರಿನ ಎತ್ತರ ಏರಿಸಲು ಇಳಿಸಲು ತಿರುಪಿನ ಗೆರೆ ಕೊರೆದ ಒಂದು ದೊಡ್ಡ ಬಳೆ. ತಲೆಯ ಮೇಲೆ ಒಂದೇ ಒಂದು ತಿರುಪು. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ, ಒಂದೊಂದು ಹೆಜ್ಜೆಗೂ ಟಿಕ್ ಎಂದು ಸದ್ದು. ಮುಂದಿನವು ಬಾನೆಟ್ಟಿನಡಿ, ಹಿಂದಿನವು ಡಿಕ್ಕಿಯೊಳಗೆ ಕೈ ಹಾಕಿದರೆ ಸಿಗುವಂಥವು.

"ಬಂದೋರೆಲ್ಲ ದೊಡ್ಡದು ಯಾವುದು ಅಂತ ಕೇಳ್ತಾರೆ," ಎಂದ ಸ್ಪ್ರಿಂಗಣ್ಣ ನನ್ನ ಕಡೆ ತಿರುಗಿ. "ನಿಮ್ಮ ಮಗಳು ಬೇಕಾಗಿದ್ದು ಕೇಳಿದ್ರು."

"ಮಗಳಲ್ಲ, ಸೊಸೆ," ಎಂದೆ. ತಿದ್ದಲೆಂದು ಅಂದದ್ದಲ್ಲ, ಮೆರೆಯಲೆಂದು ಅಂದದ್ದು.

ಜೋಡಿಸಿದ್ದು ನಮ್ಮ ಮನೆಯ ಶೆಡ್ಡಿನಲ್ಲೇ. ಅವಳು ಕಾರಿನಡಿ ಮಲಗಿದಳು, ಮಗ ಸ್ಪ್ಯಾನರುಗಳನ್ನು ಮಾತ್ರೆಯ ಸೀಸೆಗಳ ಹಾಗೆ ಸಾಲಾಗಿ ಜೋಡಿಸಿಕೊಂಡು ಕೇಳಿದ್ದನ್ನು ಕೇಳಿದ ಕೂಡಲೇ ಕೊಟ್ಟ. ನಾನು ಪಕ್ಕದ ಸೀಟಿನಲ್ಲಿ ಕೂತೆ. ಸುಮ್ಮನೆ ಕೂತದ್ದಲ್ಲ, ಅದೂ ಕೆಲಸವೇ. ಪರೀಕ್ಷೆಯ ದಿನ ಪಕ್ಕದಲ್ಲಿ ಮೇಷ್ಟ್ರ ಭಾರ ಇರುತ್ತದಲ್ಲ, ಆ ಭಾರ ಕೂತಿರುವಾಗಲೇ ನಾಲ್ಕೂ ಮೂಲೆಯ ಎತ್ತರ ಸರಿ ಮಾಡಬೇಕಂತೆ. "ಅತ್ತೆ, ನೀವೂ ಮೇಷ್ಟ್ರೂ ಹೆಚ್ಚು ಕಡಿಮೆ ಒಂದೇ ತೂಕ," ಎಂದಳು. ಬೇರೆ ಯಾರಾದರೂ ಅಂದಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ.

ಕಾರನ್ನು ನೆಲಕ್ಕೆ ತಾಗುವ ಹಾಗೆ ಇಳಿಸಿ ಚೆಂದ ನೋಡುವವರಿದ್ದಾರೆ. ಇವಳು ಬೆರಳಗಲ ಇಳಿಸಿ ನಿಲ್ಲಿಸಿದಳು. ಚಕ್ರಕ್ಕೆ ಮೇಲೆ ಕೆಳಗೆ ಆಡಲು ಜಾಗ ಬೇಕು, ಇಲ್ಲದಿದ್ದರೆ ಗುಂಡಿ ಸಿಕ್ಕಾಗ ಕುಟ್ಟುತ್ತದೆ ಎಂದಳು.

ಆಮೇಲೆ ಪ್ರಯೋಗ. ಗೋದಾಮುಗಳ ಹಿಂದಿನ ಖಾಲಿ ರಸ್ತೆ, ಆಮೇಲೆ ಟ್ರ್ಯಾಕು. ಅಳತೆಯ ಯಂತ್ರ ಯಾವುದು ಗೊತ್ತೇ? ನಾನೇ! ಕಾರಿನ ಮುಂಭಾಗ ಅತಿ ಬಿಗಿಯಾದರೆ ನನ್ನ ಕಟ್ಟಿಸಿದ ಹಲ್ಲು ಕಟಕಟ ಎನ್ನುತ್ತಿತ್ತು. ಹಿಂಭಾಗ ಅತಿ ಬಿಗಿಯಾದರೆ ಪೆಟ್ಟು ಸೊಂಟಕ್ಕೆ. ಎಲ್ಲಾದರೂ ಅತಿ ಸಡಿಲವಾದರೆ ಹೊಟ್ಟೆ ತೊಳೆಸುತ್ತಿತ್ತು. ಒಂದು ಸುತ್ತು ಹಾಕಿ ನಿಲ್ಲಿಸುವಳು.

"ಅತ್ತೆ, ಎಲ್ಲಿ?"

"ಹಲ್ಲು."

"ರೀ, ಮುಂದೆ ಎರಡು ಬಿಡಿ."

ಮಗ ಬಾನೆಟ್ಟಿನಡಿ ಬಗ್ಗಿ ಟಿಕ್ ಟಿಕ್ ಎಂದು ಎರಡು ಹೆಜ್ಜೆ ಸಡಿಲ ಮಾಡುವನು. ಬಿಗಿ ಮಾಡಬೇಕಾದರೆ "ಎರಡು ಕೊಡಿ". ಕೊಡುವುದೆಂದರೆ ಬಿಗಿ, ಬಿಡುವುದೆಂದರೆ ಸಡಿಲ, ಇದು ನಮ್ಮ ಮೂವರ ಭಾಷೆಯಾಯಿತು. ಮನೆಯಲ್ಲಿ ನೀರಿನ ನಲ್ಲಿ ತೊಟ್ಟಿಕ್ಕಿದರೂ "ಒಂದು ಕೊಡೋ" ಎನ್ನುವಷ್ಟು. ಹೀಗೆ ಕೊಟ್ಟು ಬಿಟ್ಟು, ಕೊಟ್ಟು ಬಿಟ್ಟು, ಒಂದು ದಿನ ಜೋಡಿ ತಿರುವಿನಲ್ಲಿ ಹಲ್ಲೂ ಸುಮ್ಮನಿತ್ತು, ಸೊಂಟವೂ ಸುಮ್ಮನಿತ್ತು, ಹೊಟ್ಟೆಯೂ ಸುಮ್ಮನಿತ್ತು. ವೇಗ ಮಾತ್ರ ಹಾಗೇ ಇತ್ತು.

"ಎಲ್ಲಿ ಅತ್ತೆ?"

"ಎಲ್ಲೂ ಇಲ್ಲ ಕಣೇ," ಎಂದೆ. ಅವಳು ಸ್ಟಿಯರಿಂಗ್ ಮೇಲೆ ಹಣೆ ಇಟ್ಟು ನಕ್ಕಳು.

ಪರೀಕ್ಷೆಯ ಬೆಳಿಗ್ಗೆ ಒಳ್ಳೆ ಬಿಸಿಲು. ಎಂಜಿನ್ ಬಿಸಿ ಮಾಡಲೆಂದು ಒಂದು ಸುತ್ತು ಒಬ್ಬಳೇ ಹೋಗಿ ಬಂದಳು. ಬ್ರೇಕ್ ಹಾಕಿದಾಗ ಮೂತಿ ಸ್ವಲ್ಪ ಬಗ್ಗುತ್ತದೆ ಅನ್ನಿಸಿತಂತೆ. ಅಷ್ಟರಲ್ಲಿ ಮೇಷ್ಟ್ರು ಹೆಲ್ಮೆಟ್ ಹಿಡಿದುಕೊಂಡು ಬರುತ್ತಿದ್ದರು. ಇವಳು ಬೆಲ್ಟು ಬಿಗಿದುಕೊಂಡು ಹೆಲ್ಮೆಟ್ ಹಾಕಿಕೊಂಡು ಕೂತಾಗಿತ್ತು, ಎಂಜಿನ್ ಗುರುಗುಡುತ್ತಿತ್ತು. ಮಗನಿಗೆ ಕೂಗಿ ಹೇಳಿದಳು:

"ರೀ, ಮುಂದೆ ಎರಡು ಕೊಡಿ, ಹಿಂದಿಂದು ಬಿಡಿ!"

ನಾನೂ ಕೇಳಿಸಿಕೊಂಡೆ. ನನಗೇನೂ ವಿಶೇಷ ಅನ್ನಿಸಲಿಲ್ಲ. ಮಗ ಬಾನೆಟ್ಟು ತೆರೆದ, ಮುಚ್ಚಿದ, ಹಿಂದೆ ಹೋದ, ಡಿಕ್ಕಿ ಮುಚ್ಚಿದ ಸದ್ದಾಯಿತು. ಮೇಷ್ಟ್ರು ಕೂತರು. ಸೊಸೆ ತೋಳು ಎರಡು ಮಡಿಕೆ ಏರಿಸಿದಳು. ಕಾರು ಹೊರಟಿತು.

ನಾನೂ ಮಗನೂ ಜನ ಕೂತು ನೋಡುವ ಮೆಟ್ಟಿಲ ಮೇಲೆ ಹೋಗಿ ಕೂತೆವು. ಅಲ್ಲಿಂದ ಜೋಡಿ ತಿರುವು ಚೆನ್ನಾಗಿ ಕಾಣುತ್ತದೆ. ಕಾರು ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ಮೂತಿ ಬಂತು, ಆದರೆ ಹಿಂಭಾಗ ಆಮೇಲೆ ಬಂತು. ಒಂದು ಚೂರು ತಡ, ಒಂದು ಚೂರು ತೂಗಾಟ. ನಾನು ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದರೂ ನನ್ನ ಹೊಟ್ಟೆ ತೊಳೆಸಿತು.

"ಲೋ, ಹಿಂದಿಂದು ಏನ್ ಮಾಡ್ದೆ?"

"ಬಿಟ್ಟೆ."

"ಬಿಟ್ಟೆ ಅಂದ್ರೆ? ಮುಟ್ಟಲಿಲ್ಲ ತಾನೇ?"

"ಬಿಟ್ಟೆ ಅಂದ್ರೆ ಬಿಟ್ಟೆ ಅಮ್ಮಾ. ಎಷ್ಟು ಅಂತ ಅವಳು ಹೇಳಲಿಲ್ಲ, ಅದಕ್ಕೆ ಪೂರ್ತಿ ಬಿಟ್ಟೆ."

ಅಯ್ಯೋ ನನ್ನ ಕರ್ಮವೇ! ಹಿಂದಿನದರ ತಂಟೆಗೆ ಹೋಗಬೇಡಿ, ಹಾಗೇ ಬಿಡಿ ಎಂದಿದ್ದಳು ಅವಳು. ಇವನು ವೈದ್ಯರ ಚೀಟಿ ಓದಿದ ಹಾಗೆ ಓದಿ ಎರಡೂ ತಿರುಪನ್ನು ಕೊನೆಯವರೆಗೂ ಸಡಿಲ ಮಾಡಿದ್ದ. ನಾನು ಇದನ್ನು ಹೇಳಿದಾಗ ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಅವಳ ಎರಡನೇ ಅವಕಾಶ, ಕೊನೆಯ ಅವಕಾಶ, ಅಲ್ಲಿ ತೂಗಾಡುತ್ತ ಹೋಗುತ್ತಿತ್ತು. ಕೂಗಿದರೆ ಕೇಳುವುದಿಲ್ಲ, ಓಡಿದರೆ ಸಿಗುವುದಿಲ್ಲ.

ಸುತ್ತು ಮುಗಿಯುವ ಹೊತ್ತಿಗೆ ಕಾರು ವೇಗ ಇಳಿಸಿತು. ನೇರ ಹೋಗಬೇಕಾದದ್ದು ಪಕ್ಕಕ್ಕೆ ತಿರುಗಿ, ಟ್ರ್ಯಾಕ್ ಬಿಟ್ಟು ಕಾರು ನಿಲ್ಲಿಸುವ ಜಾಗದೊಳಗೆ ಬಂತು. ನಾವು ಎದ್ದೆವೋ ಬಿದ್ದೆವೋ ಎಂದು ಇಳಿದು ಓಡಿದೆವು. ನಾವು ತಲುಪಿದಾಗ ಸೊಸೆ ಮೇಷ್ಟ್ರಿಗೆ ಹೇಳುತ್ತಿದ್ದಳು:

"ಸರ್, ಹಿಂದೆ ಏನೋ ಸರಿ ಇಲ್ಲ. ನಾನು ಇಳಿದು ನೋಡಬೇಕು."

"ಐದು ಸುತ್ತು ಮುಗಿಯೋ ಮುಂಚೆ ಇಳಿದ್ರೆ, ಪರೀಕ್ಷೆ ಮುಂದುವರಿಸೋದೋ ಬೇಡವೋ ನನ್ನಿಷ್ಟ. ಗೊತ್ತು ತಾನೇ?" ಆ ಮನುಷ್ಯನ ಬಾಯಿಂದ ಅಷ್ಟು ಉದ್ದದ ಮಾತು ನಾನು ಅದೇ ಮೊದಲು ಕೇಳಿದ್ದು.

"ಗೊತ್ತು ಸರ್," ಎಂದಳು. ಬೆಲ್ಟು ಬಿಚ್ಚಿದಳು. ಇಳಿದಳು.

ಡಿಕ್ಕಿ ತೆರೆದು ಕೈ ಹಾಕಿ ಎಡಕ್ಕೆ ತಿರುಗಿಸಿ ನೋಡಿದಳು. ತಿರುಪು ಅಲ್ಲಾಡಲಿಲ್ಲ, ಕೊನೆಯಲ್ಲೇ ನಿಂತಿತ್ತು. ಇನ್ನೊಂದನ್ನೂ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ನೀನೇ ತಾನೇ ಬಿಡಿ ಅಂದಿದ್ದು!" ಎಂದ ಅವನು.

ಅವಳು ನಕ್ಕುಬಿಟ್ಟಳು. "ಹಾಗೇ ಇರಲಿ ಬಿಡಿ ಅಂದೆ ರೀ ನಾನು!" ಎಂದವಳೇ ಬಗ್ಗಿ ಟಿಕ್ ಟಿಕ್ ಎಂದು ಎಣಿಸುತ್ತ ಎರಡನ್ನೂ ತಮ್ಮ ಜಾಗಕ್ಕೆ ತಂದಳು. ಗಂಡನ ಭುಜಕ್ಕೆ ಒಂದು ತಟ್ಟು ತಟ್ಟಿದಳು. ಮೇಷ್ಟ್ರ ಎದುರು ನಿಂತು, "ತಪ್ಪು ನಂದೇ ಸರ್. ಕೇಳೋರಿಗೆ ಒಂದೇ ಅರ್ಥ ಆಗೋ ಹಾಗೆ ಹೇಳಬೇಕಿತ್ತು," ಎಂದಳು.

ಮೇಷ್ಟ್ರು ಅವಳನ್ನು ನೋಡಿದರು, ನನ್ನ ಮಗನನ್ನು ನೋಡಿದರು. ಆ ಮನುಷ್ಯ ಹೆಲ್ಮೆಟ್ಟಿನ ಪಟ್ಟಿಗೆ ಕೈ ಹಾಕಿದರು. ಬಿಚ್ಚುತ್ತಾರೆ, ಮುಗಿಯಿತು ಕಥೆ ಅಂದುಕೊಂಡೆ. ಬಿಚ್ಚಲಿಲ್ಲ. ಇನ್ನೂ ಸ್ವಲ್ಪ ಬಿಗಿ ಮಾಡಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತರು.

"ಹ್ಞೂಂ," ಎಂದರು. "ಮೊದಲಿಂದ."

ಆ ಐದು ಸುತ್ತು ನಾನು ಹೇಗೆ ವರ್ಣಿಸಲಿ? ವರ್ಣಿಸಲು ಅಲ್ಲಿ ಏನೂ ಆಗಲೇ ಇಲ್ಲ. ಅದೇ ಅದರ ಸೊಗಸು. ಜೋಡಿ ತಿರುವಿಗೆ ಕಾರು ಬಂತು, ಎಡಕ್ಕೆ ಒರಗಿತು, ಬಲಕ್ಕೆ ಒರಗಿತು, ಮೂತಿಯೂ ಬೆನ್ನೂ ಒಟ್ಟಿಗೇ ಹೋದವು. ಪಕ್ಕದಲ್ಲಿ ಮೇಷ್ಟ್ರ ಹೆಲ್ಮೆಟ್ಟು ಶೋಕೇಸಿನಲ್ಲಿ ಇಟ್ಟ ಹಾಗೆ ಅಲುಗದೆ ಇತ್ತು. ಮತ್ತೆ ಬಂತು, ಮತ್ತೆ ಹಾಗೇ. ನನ್ನ ಪಕ್ಕದಲ್ಲಿ ಯಾರೋ "ಯಾರಪ್ಪಾ ಅದು ಓಡಿಸ್ತಿರೋದು?" ಎಂದರು. "ನನ್ನ ಸೊಸೆ!" ಎಂದೆ. ಅವರು ಕೇಳಿದ್ದಕ್ಕಿಂತ ಎಷ್ಟೋ ಜೋರಾಗಿ ಹೇಳಿದೆ, ಆಚೆ ಬದಿಯಲ್ಲಿ ಕೂತವರೂ ತಿರುಗಿ ನೋಡಿದರು. ನೋಡಲಿ ಎಂದೇ ಹೇಳಿದ್ದು.

ಕಾರು ಒಳಗೆ ಬಂದು ನಿಂತಿತು. ಮೇಷ್ಟ್ರು ಇಳಿಯಲಿಲ್ಲ.

"ಮೊದಲು ಹಿಂಭಾಗ ಸಡಿಲ ಇದ್ದ ಹಾಗೇ ಓಡಿಸಿದ್ರೂ ಹೇಗೋ ಐದು ಸುತ್ತು ಮುಗಿಸಿಬಿಡ್ತಿದ್ರಿ," ಎಂದರು. "ನಿಮಗೇ ಗೊತ್ತಿತ್ತು. ಮತ್ತೆ ಯಾಕೆ ಒಳಗೆ ಬಂದ್ರಿ?"

"ಒಬ್ಬಳೇ ಇದ್ದಿದ್ರೆ ಮುಗಿಸ್ತಿದ್ದೆನೋ ಏನೋ ಸರ್," ಎಂದಳು ನನ್ನ ಸೊಸೆ. "ಪಕ್ಕದಲ್ಲಿ ಜನ ಇದ್ರಲ್ಲ."

ಬಸ್ಸಿನವಳ ಮಾತು ಅದು. ಅದನ್ನು ಯಾವ ಪರೀಕ್ಷೆಗೂ ಓದಿಕೊಂಡು ಹೋಗಲು ಆಗುವುದಿಲ್ಲ. ಮೇಷ್ಟ್ರು ಜೇಬಿಗೆ ಕೈ ಹಾಕಿ ಹಳದಿ ಪಟ್ಟಿ ತೆಗೆದರು. ಅವಳ ಸಣ್ಣ ತೋಳಿಗೆ ಅದು ದೊಡ್ಡದಾಯಿತು, ಜಾರಿ ಮೊಣಕೈಗೆ ಬಂತು. ನನ್ನ ಮಗ ಅಂಗಿಯಿಂದ ಸೇಫ್ಟಿ ಪಿನ್ನು ತೆಗೆದು ಹತ್ತಿರ ಬಂದ, ಪಿನ್ನು ಹಿಡಿದು ನಿಂತ, ಕೇಳಿದ: "ಎಷ್ಟು ಬಿಗಿ ಮಾಡ್ಲಿ? ಸರಿಯಾಗಿ ಹೇಳು." ಅಲ್ಲಿದ್ದವರೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು. ನಾನು ಮಾತ್ರ ಅತ್ತೆ. ಅತ್ತೆಯಾದವಳು ಅಳಲೂಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಮಧ್ಯಾಹ್ನ ಜನ ಕರಗಿದರು. ಟ್ರ್ಯಾಕಿನ ಹಿಂದೆ ಹೊಸಬರಿಗೆ ಕಲಿಸಲೆಂದು ಒಂದು ದೊಡ್ಡ ಖಾಲಿ ಅಂಗಳವಿದೆ. ಸೊಸೆ ಕಾರನ್ನು ಅಲ್ಲಿಗೆ ತಂದು ನಿಲ್ಲಿಸಿದಳು. ಮನೆಗೆ ಹೊರಡುವುದು ಅಂದುಕೊಂಡು ನಾನು ಎಂದಿನ ಹಾಗೆ ನನ್ನ ಕಡೆಯ ಬಾಗಿಲಿಗೆ ಹೋದೆ. ಅಲ್ಲಿ ಅವಳು ಕೂತಿದ್ದಳು.

"ಈ ಕಡೆ ಅಲ್ಲ ಅತ್ತೆ. ಆ ಕಡೆ."

"ಹುಚ್ಚಾ ನಿನಗೆ?"

"ಪರ್ಸಲ್ಲಿ ಲೈಸೆನ್ಸ್ ಇದೆ ತಾನೇ? ನನಗೆ ಮೊದಲನೇ ಶಿಷ್ಯೆ ಬೇಕು. ಇಷ್ಟು ದಿನ ನಿಮ್ಮ ಹಲ್ಲು, ಸೊಂಟ, ಹೊಟ್ಟೆ ನನಗೆ ಕಲಿಸಿದಾವೆ. ಈಗ ನನ್ನ ಸರದಿ."

ಬೈದೆ. ಅವಳು ಕೇಳಲಿಲ್ಲ. ಇನ್ನೂ ಬೈದೆ. ಬೈಯುತ್ತಲೇ ಕಾರು ಸುತ್ತಿ ಹೋಗಿ ಸ್ಟಿಯರಿಂಗ್ ಮುಂದೆ ಕೂತೆ. ಬೆನ್ನಿಗೆ ತನ್ನ ದಿಂಬು ಇಟ್ಟಳು. ನನಗೆ ಗೊತ್ತಿಲ್ಲದೆ ನನ್ನ ಕೈ ತೋಳನ್ನು ಎರಡು ಮಡಿಕೆ ಮೇಲಕ್ಕೇರಿಸಿತು. ಎಂಜಿನ್ ಎದ್ದಿತು, ಇಡೀ ಬಕೆಟ್ಟು ನನ್ನ ಕೈಯಲ್ಲಿ ನಡುಗಿತು.

"ಕ್ಲಚ್ ಒತ್ತಿ. ಗೇರ್ ಹಾಕಿ. ಹಾಂ, ಸರಿ. ಈಗ ಬಿಡಿ."

ನಾನು ಕಾಲು ಅಲುಗಿಸಲಿಲ್ಲ. "ಯಾವ ಬಿಡಿ ಕಣೇ ಇದು? ಹಾಗೇ ಇರಲಿ ಬಿಡಿ ಅಂತಾನಾ, ಪೂರ್ತಿ ಬಿಡಿ ಅಂತಾನಾ?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, ಆ ಪಟ್ಟಿ ಕಟ್ಟಿದ ತೋಳನ್ನು ನನ್ನ ಸೀಟಿನ ಹಿಂದೆ ಇಟ್ಟು, ಬಸ್ಸು ನಿಲ್ಲಿಸುವಷ್ಟೇ ಮೆತ್ತಗೆ ಹೇಳಿದಳು:

"ಸ್ವಲ್ಪ ಸ್ವಲ್ಪ ಬಿಡಿ ಅತ್ತೆ. ಪಕ್ಕದಲ್ಲಿ ನಾನಿದ್ದೀನಿ."

ಬಿಟ್ಟೆ. ಹಲ್ಲು ಒಂದು ಸಲ ಕಟಕ್ ಎಂದಿತು. ಕಾರು ಹೊರಟಿತು.